ಚಟ್ಟಿ ತೋಟ: ಮಳೆ ಕಳೆದ ಮೇಲೆ ಟೊಮೆಟೊ, ಸಂಜೆ ಅರಳುವ ಹೀರೆ

ಈ ಸಲದ ಪತ್ರಗಳಲ್ಲಿ ಮುಕ್ಕಾಲು ಪಾಲು ಸತ್ತ ಗಿಡಗಳದ್ದೇ ಸುದ್ದಿ. ತುಳುವರ ಮಳೆಗಾಲದ ತಿಂಗಳುಗಳಾದ ಆಟಿ, ಸೋಣ ಎರಡೂ ಕಳೆಯುವ ಹೊತ್ತಿಗೆ ಪ್ರತಿ ವರ್ಷ ಹೀಗೇ ಪತ್ರ ಬರುತ್ತದೆ. ಓದುವಾಗ ನನಗೆ ಸಂಕಟ ಆಗುತ್ತದೆ. ಬೀಜ ತಂದು, ಮಣ್ಣು ಹೊತ್ತು ಮೇಲೆ ಹಾಕಿ, ದಿನಾ ನೋಡಿಕೊಂಡ ಗಿಡ ಅಲ್ವಾ?

ಮಂಗಳೂರಿನ ಉರ್ವದ ನಮ್ಮ ಮನೆಯ ಟೆರೇಸಿನಲ್ಲಿ ಈಗ 46 ಚಟ್ಟಿಗಳಿವೆ. ಅರ್ಧ ಟೆರೇಸಿಗೆ ಶೀಟ್ ಹಾಕಿಸಿದ್ದೇವೆ, ಅರ್ಧ ಆಕಾಶಕ್ಕೆ ಬಿಟ್ಟಿದ್ದೇವೆ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಶುರು ಮಾಡಿದ್ದು, 18 ವರ್ಷ ಆಯಿತು. ಇಷ್ಟು ವರ್ಷದಲ್ಲಿ ಕಂಡದ್ದು ಒಂದು ಮಾತು: ನಮ್ಮ ಊರಿನಲ್ಲಿ ಯಾವ ಗಿಡ ನೆಡುವುದು ಅಂತ ಕೇಳುವ ಮೊದಲು ಯಾವ ತಿಂಗಳು ಅಂತ ಕೇಳಬೇಕು. ಕೆಳಗಿನ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಬೇಸರ ಮಾಡಬೇಡಿ.

"ಟೀಚರ್, 12 ಗ್ರೋಬ್ಯಾಗಿನಲ್ಲಿ ಟೊಮೆಟೊ ನೆಟ್ಟಿದ್ದೆ. ಜೂನ್ ಮೊದಲ ವಾರ ನೆಟ್ಟದ್ದು. ಸೊಂಟದೆತ್ತರ ಬಂದು ಹೂ ಬಿಡುವಾಗ ಮಧ್ಯಾಹ್ನ ಬಾಡಲು ಶುರು ಮಾಡಿತು. ಸಂಜೆ ಸರಿಯಾಗುತ್ತಿತ್ತು. ನೀರು ಸಾಕಾಗಲಿಲ್ಲವೇನೋ ಅಂತ ಜಾಸ್ತಿ ಹಾಕಿದೆ. ಮೂರೇ ದಿನದಲ್ಲಿ ಎಲೆ ಹಸಿರಿದ್ದ ಹಾಗೇ ಗಿಡ ಸತ್ತಿತು. ಒಂದರ ಹಿಂದೆ ಒಂದು, ಒಂಬತ್ತು ಹೋಯಿತು. ಯಾವ ಮದ್ದು ಬಿಡಬೇಕು?" (ಸುರತ್ಕಲ್‌ನಿಂದ ಒಬ್ಬ ಗೃಹಿಣಿ)

ಅಕ್ಕಾ, ಮೊದಲು ಒಂದು ಪರೀಕ್ಷೆ ಮಾಡಿ. ಸತ್ತ ಗಿಡದ ಬುಡದ ಕಾಂಡವನ್ನು ಮೂರು ಇಂಚು ಕೊಯ್ದು, ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಂಡು, ಕಾಂಡದ ಕೆಳಗಿನ ತುದಿ ಮಾತ್ರ ಮುಳುಗುವ ಹಾಗೆ ಹಿಡಿಯಿರಿ. ಅಲ್ಲಾಡಿಸಬೇಡಿ. ಕೆಲವು ನಿಮಿಷದಲ್ಲಿ ಕೊಯ್ದ ಜಾಗದಿಂದ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿದರೆ ಅದು ದುಂಡಾಣು ಸೊರಗು ರೋಗ. ನೀವು ಬರೆದದ್ದು ನೋಡಿದರೆ ಅದೇ ಅಂತ ಅನಿಸುತ್ತದೆ. ಎಲೆ ಹಳದಿಯಾಗದೆ, ಹಸಿರಿದ್ದ ಹಾಗೇ ಬಾಡಿ ಸಾಯುವುದು ಅದರ ಗುರುತು.

ಇದಕ್ಕೆ ಮದ್ದು ಬಿಡುವ ದುಡ್ಡನ್ನು ಉಳಿಸಿ. ಈ ದುಂಡಾಣು ಬೇರಿನಿಂದ ಒಳಗೆ ಹೋಗಿ ಕಾಂಡದಲ್ಲಿ ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ನೀರು ಹಾಕಿದರೂ ಗಿಡಕ್ಕೆ ಸಿಗುವುದಿಲ್ಲ. ಒಮ್ಮೆ ಬಾಡಿದ ಗಿಡ ಬದುಕುವುದು ಕಷ್ಟ. ಈ ದುಂಡಾಣು ಇರುವುದು ಮಣ್ಣಿನಲ್ಲಿ. ನಮ್ಮ ಕರಾವಳಿಯ ಕೆಂಪು ಮುರ ಮಣ್ಣು ಹುಳಿ ಗುಣದ್ದು. ದುಂಡಾಣುವಿಗೆ ಸೆಕೆ ಬೇಕು, ತೇವ ಬೇಕು. ನಮ್ಮಲ್ಲಿ ಎರಡೂ ಧಾರಾಳ ಇದೆ. ಒಂದು ಚಟ್ಟಿಯಿಂದ ಹರಿದ ನೀರು ಪಕ್ಕದ ಚಟ್ಟಿಗೆ ಹೋದರೆ ರೋಗವೂ ಹೋಗುತ್ತದೆ. ಒಂಬತ್ತು ಗಿಡ ಸಾಲಾಗಿ ಹೋದದ್ದು ಬಹುಶಃ ಹಾಗೆ.

ನನಗೂ ಇದು ಆಗಿದೆ. ಎರಡನೇ ವರ್ಷ ಬೆಂಗಳೂರಿನ ಕಡೆಯವರು ಹೇಳಿಕೊಟ್ಟ ಕ್ರಮದಲ್ಲಿ, ತೆಂಗಿನ ನಾರಿನ ಹುಡಿ ಅರ್ಧಕ್ಕರ್ಧ ಹಾಕಿ ಜೂನ್‌ನಲ್ಲಿ ಟೊಮೆಟೊ ನೆಟ್ಟೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಹತ್ತಿರ ಹತ್ತಿರ 1,000 ಮಿ.ಮೀ. ನಮ್ಮಲ್ಲಿ 3,500 ಮಿ.ಮೀ.ಗಿಂತ ಜಾಸ್ತಿ, ಅದರಲ್ಲೂ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ. ನೀರು ಹಿಡಿದಿಟ್ಟುಕೊಳ್ಳಲಿ ಅಂತ ಅಲ್ಲಿಯವರು ಹಾಕುವ ನಾರಿನ ಹುಡಿ, ಇಲ್ಲಿ ಜುಲೈ ತಿಂಗಳಲ್ಲಿ ಬೇರನ್ನು ಕೊಳೆಸುತ್ತದೆ. ಆ ವರ್ಷ ಒಂದು ಹಣ್ಣೂ ಸಿಗಲಿಲ್ಲ.

ಈಗ ಮಾಡಬೇಕಾದದ್ದು ಹೇಳುತ್ತೇನೆ. ಸತ್ತ ಗಿಡಗಳನ್ನು ಬೇರು ಸಮೇತ ಕಿತ್ತು ತೆಗೆಯಿರಿ. ಗೊಬ್ಬರದ ಗುಂಡಿಗೆ ಹಾಕಬೇಡಿ. ಆ 12 ಚೀಲದ ಮಣ್ಣಿನಲ್ಲಿ ಇನ್ನು ಟೊಮೆಟೊ, ಬದನೆ, ಹಸಿಮೆಣಸು ಮೂರೂ ಬೇಡ, ಮೂರೂ ಒಂದೇ ಕುಟುಂಬದ್ದು. ಬದಲಿಗೆ ಅಲಸಂಡೆ, ಹರಿವೆ, ಬಸಳೆ ಹಾಕಿ, ಚೆನ್ನಾಗಿ ಬರುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ಆ ಮಣ್ಣನ್ನು ತೆಳ್ಳಗೆ ಹರಡಿ, ನೀರು ಚಿಮುಕಿಸಿ, ತಿಳಿ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿ ಐದಾರು ವಾರ ಬಿಡಿ. ಒಳಗಿನ ಕಾವಿಗೆ ರೋಗ ತುಂಬಾ ಕಡಿಮೆಯಾಗುತ್ತದೆ. ನಮ್ಮ ಹಿರಿಯರು ಸುಡುಮಣ್ಣು ಮಾಡುತ್ತಿದ್ದದ್ದು ನೆನಪಿದೆಯಾ? ತರಗೆಲೆ, ಕಸಕಡ್ಡಿ ಕೆಳಗೆ, ಮಣ್ಣು ಮೇಲೆ, ನಿಧಾನಕ್ಕೆ ದಿನಗಟ್ಟಲೆ ಹೊಗೆಯಾಡುತ್ತಿತ್ತು. ಆ ಮಣ್ಣಿನಲ್ಲಿ ಗಿಡ ಸೊಂಪಾಗಿ ಬರುವುದಕ್ಕೆ ಇದೂ ಒಂದು ಕಾರಣ. ಪೇಟೆಯಲ್ಲಿ ಹೊಗೆ ಹಾಕಲು ಆಗುವುದಿಲ್ಲ. ನಾನು ಪ್ರತಿ ಬೇಸಿಗೆ ಕಟಪಾಡಿ ಹತ್ತಿರದ ತವರಿನಿಂದ ಎರಡು ಗೋಣಿ ಸುಡುಮಣ್ಣು ತರಿಸುತ್ತೇನೆ. ನಿಮಗೂ ಊರಿನ ಕಡೆ ಯಾರಾದರೂ ಇದ್ದರೆ ಕೇಳಿ ನೋಡಿ.

ಹೊಸ ಟೊಮೆಟೊಗೆ ಬೀಜ ಹಾಕುವ ಹೊತ್ತು ಈಗ, ನವರಾತ್ರಿ ಆಸುಪಾಸು. ಅಕ್ಟೋಬರ್ ಕೊನೆಗೆ ಸಸಿ ನೆಟ್ಟರೆ ಡಿಸೆಂಬರ್, ಜನವರಿಯ ತಂಪು ರಾತ್ರಿಗಳಲ್ಲಿ ಕಾಯಿ ಕಟ್ಟುತ್ತದೆ. ಏಪ್ರಿಲ್‌ನ ಸೆಕೆ ರಾತ್ರಿಯಲ್ಲಿ ಹೂ ಉದುರುತ್ತದೆ, ಎಷ್ಟು ಗೊಬ್ಬರ ಹಾಕಿದರೂ ಅಷ್ಟೇ. ತಳಿ ಕೇಳಿದರೆ ಅರ್ಕಾ ರಕ್ಷಕ್ ಅಥವಾ ಅರ್ಕಾ ಸಾಮ್ರಾಟ್. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರದ್ದು. ಈ ಸೊರಗು ರೋಗ, ಎಲೆ ಮುರುಟು ರೋಗ ಎರಡನ್ನೂ ತಡೆಯುತ್ತವೆ. ಎರಡೂ ಹೈಬ್ರಿಡ್, ಹಾಗಾಗಿ ಹಣ್ಣಿನ ಬೀಜ ಎತ್ತಿಟ್ಟರೆ ಮುಂದಿನ ವರ್ಷ ಅದೇ ಗುಣ ಬರುವುದಿಲ್ಲ.

ಮಣ್ಣಿನ ಲೆಕ್ಕ: ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಅರ್ಧ ಪಾಲು ನಾರಿನ ಹುಡಿ, ಅರ್ಧ ಪಾಲು ಹೊಳೆಯ ಹೊಯಿಗೆ (ಮರಳು). ಕಡಲಿನ ಹೊಯಿಗೆ ಬೇಡ, ಉಪ್ಪು. 20 ಲೀಟರಿನ ಬಕೆಟ್‌ಗೆ ಒಂದು ದೊಡ್ಡ ಚಮಚ ಚಿಪ್ಪಿನ ಸುಣ್ಣದ ಹುಡಿ ಬೆರೆಸಿ ಎರಡು ವಾರ ಬಿಟ್ಟು ನೆಡಿ. ಮಣ್ಣಿನ ಹುಳಿ ಕಡಿಮೆಯಾಗುತ್ತದೆ. ತಳದಲ್ಲಿ ಬೆರಳು ದಪ್ಪದ ಐದಾರು ತೂತು ಬೇಕು. ಅಡಿಯಲ್ಲಿ ಜಲ್ಲಿ ತುಂಬಿಸುವವರು ತುಂಬಾ ಇದ್ದಾರೆ. ಅದರಿಂದ ನೀರು ಬೇಗ ಇಳಿಯುವುದಿಲ್ಲ, ಬೇರಿಗೆ ಜಾಗ ಕಡಿಮೆಯಾಗುತ್ತದೆ ಅಷ್ಟೇ. ಪ್ರತಿ ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು, ಮಣ್ಣು ಜಾರದ ಹಾಗೆ. ಚಟ್ಟಿಯನ್ನು ನೆಲಕ್ಕೆ ತಾಗಿಸದೆ ಎರಡು ಇಟ್ಟಿಗೆ ಮೇಲೆ ಇಡಿ.

"ನಾಲ್ಕನೇ ಮಹಡಿಯಲ್ಲಿ ಹೀರೆ ಬಳ್ಳಿ ಹಬ್ಬಿಸಿದ್ದೇನೆ. ಹೂ ಬೇಕಾದಷ್ಟು. ಕಾಯಿ ಒಂದೂ ನಿಲ್ಲುವುದಿಲ್ಲ. ದಿನಾ ಬೆಳಿಗ್ಗೆ ಬ್ರಷ್ ಹಿಡಿದು ಪರಾಗ ಹಚ್ಚುತ್ತೇನೆ." (ಮಣ್ಣಗುಡ್ಡೆಯಿಂದ ಬ್ಯಾಂಕ್ ಉದ್ಯೋಗಿ)

ತಮ್ಮಾ, ನಿಮ್ಮ ಶ್ರಮ ಸರಿ, ಹೊತ್ತು ತಪ್ಪಿದೆ. ಹೀರೆಯ ಹೂ ಅರಳುವುದು ಸಂಜೆ. ಬೆಳಿಗ್ಗೆ ನೀವು ನೋಡುವಾಗ ಅದರ ಕೆಲಸ ಮುಗಿದಿರುತ್ತದೆ. ಮುಳ್ಳುಸೌತೆ, ಹಾಗಲಕ್ಕೆ ಬೆಳಗ್ಗಿನ ಹೊತ್ತು ಸರಿ. ಹೀರೆ, ಸೋರೆ, ಪಡುವಲಕ್ಕೆ ಸಂಜೆ, ರಾತ್ರಿ. ಬ್ಯಾಂಕಿನಿಂದ ಬಂದು ಚಾ ಕುಡಿದ ಮೇಲೆ, ಹೂವು ಪೂರ್ತಿ ಬಿಚ್ಚಿದ್ದು ನೋಡಿ ಮಾಡಿ.

ಹೆಣ್ಣು ಹೂವಿನ ಹಿಂದೆ ಬೆರಳಿನಷ್ಟು ಪುಟ್ಟ ಹೀರೆ ಇರುತ್ತದೆ. ಗಂಡು ಹೂ ಬರೀ ತೊಟ್ಟು, ಗೊಂಚಲಿನಲ್ಲಿ ಬರುತ್ತದೆ. ಮೊದಲ ಒಂದೆರಡು ವಾರ ಬರೀ ಗಂಡು ಹೂವೇ ಬರುವುದು ಸಹಜ, ಹೆದರಬೇಡಿ. ಬ್ರಷ್ ಬೇಕಂತ ಇಲ್ಲ. ಗಂಡು ಹೂ ಕೊಯ್ದು, ಅದರ ಎಸಳು ಕಿತ್ತು, ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒರೆಸಿ. ಒಂದು ಗಂಡು ಹೂವಿನಿಂದ ಎರಡು ಮೂರು ಹೆಣ್ಣು ಹೂವಿಗೆ ಆಗುತ್ತದೆ. ಮಳೆ ಹನಿ ಬಿದ್ದ ದಿನ ಪರಾಗ ತೊಳೆದು ಹೋಗುತ್ತದೆ, ಆ ದಿನ ಬಿಟ್ಟುಬಿಡಿ.

ಕಾಯಿ ನಿಂತ ಮೇಲೆ ಇನ್ನೊಂದು ಕಾಟ ಇದೆ, ಹಣ್ಣು ನೊಣ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ. ಕಾಯಿ ಸೊಟ್ಟಗಾಗಿ ಒಳಗೆ ಹುಳ ಆಗುತ್ತದೆ. ಕಾಯಿ ಬೆರಳುದ್ದ ಆದ ಕೂಡಲೇ ಹಳೇ ನ್ಯೂಸ್ ಪೇಪರ್ ಸುತ್ತಿ, ಕೆಳಗಿನ ಬಾಯಿ ತೆರೆದಿಟ್ಟು, ದಾರ ಕಟ್ಟಿ. ನೊಣದ ಬಲೆ ತರುವುದಾದರೆ ಅಂಗಡಿಯಲ್ಲಿ 'ಕ್ಯೂ ಲ್ಯೂರ್' ಅಂತ ಹೆಸರು ಹೇಳಿ ಕೇಳಿ. ಮಾವಿನ ಮರಕ್ಕೆ ಕಟ್ಟುವ ಬಲೆಯ ವಾಸನೆ ಬೇರೆ, ತರಕಾರಿಯ ನೊಣ ಅದಕ್ಕೆ ಬರುವುದಿಲ್ಲ.

"ಹೂಕೋಸು, ಕ್ಯಾರೆಟ್ ಚಟ್ಟಿಯಲ್ಲಿ ಆಗುತ್ತದಾ?" (ಮಣಿಪಾಲದಿಂದ ಒಬ್ಬ ವಿದ್ಯಾರ್ಥಿನಿ)

ನಮ್ಮ ಸೆಕೆಗೆ ಅವು ಹೊಂದುವುದಿಲ್ಲ ಮಗಳೇ. ಅಷ್ಟೇ ಜಾಗದಲ್ಲಿ ಹರಿವೆ ಬೀಜ ಬಿತ್ತಿದರೆ 25 ರಿಂದ 30 ದಿನದಲ್ಲಿ ಪದಾರ್ಥಕ್ಕೆ ಸಿಗುತ್ತದೆ. ಮಳೆ ಪೂರ್ತಿ ನಿಂತ ಮೇಲೆ ಮೂಲಂಗಿ ಒಮ್ಮೆ ಹಾಕಿ ನೋಡಬಹುದು.

"ನಮ್ಮದು 25 ವರ್ಷ ಹಳೇ ಆರ್‌ಸಿಸಿ ಮನೆ. ಟೆರೇಸಿನಲ್ಲಿ 60 ಚಟ್ಟಿ ಇಡಬೇಕಂತ ಹೆಂಡತಿಗೆ ಆಸೆ. ಸ್ಲಾಬ್ ಸೋರುತ್ತದೆ, ಭಾರಕ್ಕೆ ಬಿರುಕು ಬಿಡುತ್ತದೆ ಅಂತ ತಮ್ಮ ಹೆದರಿಸುತ್ತಾನೆ." (ಉಡುಪಿ ಕುಂಜಿಬೆಟ್ಟಿನಿಂದ ನಿವೃತ್ತ ನೌಕರರು)

ಇಬ್ಬರ ಮಾತಿನಲ್ಲೂ ಹುರುಳಿದೆ. ಲೆಕ್ಕ ಹಾಕೋಣ.

20 ಲೀಟರಿನ ಪೇಂಟ್ ಬಕೆಟ್ ಮಣ್ಣು ತುಂಬಿ, ಮಳೆಯಲ್ಲಿ ನೆನೆದರೆ 25 ರಿಂದ 30 ಕೆ.ಜಿ. ತೂಗುತ್ತದೆ. 15 ಇಂಚು ಅಗಲ, 15 ಇಂಚು ಎತ್ತರದ ಗ್ರೋಬ್ಯಾಗ್‌ಗೆ 40 ಲೀಟರ್ ಮಣ್ಣು ಹಿಡಿಯುತ್ತದೆ, ಒದ್ದೆಯಾದರೆ 50 ರಿಂದ 60 ಕೆ.ಜಿ. ಜನ ಓಡಾಡುವ ಟೆರೇಸನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 150 ಕೆ.ಜಿ. ಹೆಚ್ಚುವರಿ ಭಾರ ತಡೆಯುವ ಹಾಗೆ ಲೆಕ್ಕ ಹಾಕಿ ಕಟ್ಟುತ್ತಾರೆ. ಅಂದರೆ ಒಂದು ಚದರ ಮೀಟರಿನಲ್ಲಿ ಬಕೆಟ್ ನಾಲ್ಕಕ್ಕಿಂತ ಜಾಸ್ತಿ ಬೇಡ. ಒತ್ತೊತ್ತಾಗಿ ಒಂಬತ್ತು ಇಟ್ಟರೆ ಲೆಕ್ಕ ತಪ್ಪುತ್ತದೆ. ನಡು ಸ್ಲಾಬಿನಲ್ಲಿ ಗುಂಪು ಮಾಡಬೇಡಿ. ಕೆಳಗೆ ಗೋಡೆ ಅಥವಾ ಬೀಮ್ ಇರುವ ಸಾಲಿನಲ್ಲಿ, ಅಂಚಿನ ಉದ್ದಕ್ಕೂ ಇಡಿ. ನಿಮ್ಮದು 25 ವರ್ಷದ ಮನೆ. 60 ಚಟ್ಟಿ ಏರಿಸುವ ಮೊದಲು ಒಬ್ಬ ಎಂಜಿನಿಯರ್‌ಗೆ ಒಮ್ಮೆ ತೋರಿಸಿ. ಈ ವರ್ಷ 20 ಚಟ್ಟಿ, ಅಂಚಿನಲ್ಲಿ ಮಾತ್ರ. ನಿಮ್ಮ ತಮ್ಮನವರೂ ಒಪ್ಪಬಹುದು.

ಸೋರುವ ವಿಷಯ ಬೇರೆ. ಚಟ್ಟಿಯ ನೀರಿನಿಂದ ಸ್ಲಾಬ್ ಸೋರುವುದಕ್ಕಿಂತ, ನೀರು ಹೋಗುವ ಪೈಪಿನ ಬಾಯಿ ಕಟ್ಟಿ ಸೋರುವುದೇ ಜಾಸ್ತಿ. ಒಂದು ಆಟಿಯ ರಾತ್ರಿ ನಮ್ಮ ಟೆರೇಸಿನ ಪೈಪಿನ ಬಾಯಿಗೆ ನಾರಿನ ಹುಡಿ, ತರಗೆಲೆ ಸೇರಿ ಕಟ್ಟಿತು. ಬೆಳಿಗ್ಗೆ ಹೋಗಿ ನೋಡಿದರೆ ಪಾದ ಮುಳುಗುವಷ್ಟು ನೀರು. ಕೆಳಗಿನ ಕೋಣೆಯ ಕಪಾಟಿನಲ್ಲಿದ್ದ ನನ್ನ ಪುಸ್ತಕಗಳು ಒದ್ದೆಯಾದವು. ಇವತ್ತಿಗೂ ಅದನ್ನು ನೆನೆದರೆ ದುಃಖ ಆಗುತ್ತದೆ. ಆವತ್ತಿನಿಂದ ಪೈಪಿನ ಬಾಯಿಗೆ ಜಾಲರಿ ಹಾಕಿಸಿದ್ದೇನೆ, ಮಳೆಗಾಲದಲ್ಲಿ ದಿನಾ ಒಮ್ಮೆ ಕೈಯಾಡಿಸಿ ಬರುತ್ತೇನೆ. ನೀವೂ ಅಷ್ಟು ಮಾಡಿ. ಇಟ್ಟಿಗೆ ಮೇಲೆ ಇಟ್ಟರೆ ಚಟ್ಟಿಯ ಅಡಿ ಒಣಗುತ್ತದೆ, ಪಾಚಿ ಹಿಡಿಯುವುದಿಲ್ಲ, ಕಾಲು ಜಾರುವುದಿಲ್ಲ. ವಯಸ್ಸಾದವರಿಗೆ ಅದೂ ಮುಖ್ಯ.

ಟೆರೇಸಿಗೆ ಪೂರ್ತಿ ಶೀಟ್ ಹಾಕಿಸಿದವರೂ ಕೆಲವರು ಬರೆದಿದ್ದಾರೆ. ಶೀಟಿನ ನಡುವಿನಲ್ಲಿ ಕಾಯಿ ಬಿಡುವ ಗಿಡ ಬರುವುದಿಲ್ಲ. ಅಂಚಿನ ನಾಲ್ಕಡಿ ಜಾಗ ಮಾತ್ರ ನಂಬಿ. ಮಳೆಗಾಲದಲ್ಲಿ ಅದೇ ಅಂಚು ಮೆಣಸು, ಬದನೆಗೆ ಒಳ್ಳೆಯ ಜಾಗ: ಬೆಳಕು ಇದೆ, ಮಳೆ ನೇರ ಬೀಳುವುದಿಲ್ಲ.

"ಮಟ್ಟುಗುಳ್ಳ ಚಟ್ಟಿಯಲ್ಲಿ ಬೆಳೆಸಬಹುದಾ? ಅದೇ ರುಚಿ ಸಿಗುತ್ತದಾ?" (ಕದ್ರಿಯಿಂದ ಒಬ್ಬರು)

ಈ ಪ್ರಶ್ನೆಗೆ ಮನಸ್ಸಿಟ್ಟು ಉತ್ತರ ಬರೆಯುತ್ತಿದ್ದೇನೆ, ಯಾಕಂದರೆ ಈ ಬದನೆಯ ಊರು ಮಟ್ಟು ನನ್ನ ತವರಿಗೆ ಹತ್ತಿರ. ಗಿಡ ಬರುತ್ತದೆ, ಕಾಯಿಯೂ ಬಿಡುತ್ತದೆ. ತಿಳಿ ಹಸಿರು, ಮೇಲೆ ಬಿಳಿ ಗೆರೆ, ಉರುಟು. ಆದರೆ ಅದನ್ನು ಮಟ್ಟುಗುಳ್ಳ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಸೋದೆ ಮಠದ ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಅಂತ ಊರಿನವರು ತಲೆಮಾರಿನಿಂದ ನಂಬಿ ಬೆಳೆಸಿದ್ದು. ಮಳೆಗಾಲದ ಭತ್ತ ತೆಗೆದ ಮೇಲೆ, ಕಡಲು ಹತ್ತಿರದ ಆ ಗದ್ದೆಗಳಲ್ಲಿ ಆಗುವ ಬೆಳೆ. 2011 ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಆ ಹೆಸರು ಆ ಗದ್ದೆಗಳಿಗೆ, ಅಲ್ಲಿ ಬೆನ್ನು ಬಗ್ಗಿಸುವ ರೈತರಿಗೆ ಸೇರಿದ್ದು. ಸಾಂಬಾರಿಗೆ ಬೇಕಾದಾಗ ಅವರ ಕಾಯಿಯನ್ನೇ ದುಡ್ಡು ಕೊಟ್ಟು ತನ್ನಿ ಅಂತ ನನ್ನ ಆಸೆ. ಚಟ್ಟಿಯದ್ದು ನಿಮ್ಮ ಮನೆಯ ಗುಳ್ಳ.

ಬೆಳೆಸುವುದಾದರೆ ಹೊತ್ತು ಇದೇ. ಈಗ ಬೀಜ ಹಾಕಿ, ನಾಲ್ಕು ವಾರದ ಸಸಿಯನ್ನು ಕನಿಷ್ಠ 20 ಲೀಟರಿನ ಚಟ್ಟಿಗೆ ಒಂದೇ ಒಂದು ನೆಡಿ. ಕುಡಿ ಬಾಡಿ ಜೋತರೆ ಒಳಗೆ ಕೊರೆಯುವ ಹುಳ ಇದೆ ಅಂತ ಅರ್ಥ. ಬಾಡಿದ ಜಾಗದಿಂದ ಒಂದು ಇಂಚು ಕೆಳಗೆ ಕತ್ತರಿಸಿ, ನೀರಿನಲ್ಲಿ ಮುಳುಗಿಸಿ ಬಿಸಾಡಿ. ಅಲ್ಲೇ ಎಸೆದರೆ ಹುಳ ಮತ್ತೆ ಬರುತ್ತದೆ. ಮೇಲೆ ಹೇಳಿದ ಸೊರಗು ರೋಗ ಇದಕ್ಕೂ ಇದೆ. ಅದಕ್ಕೆ ಒಂದು ಒಳ್ಳೆಯ ದಾರಿ ಕುದನೆ ಗಿಡಕ್ಕೆ ಬದನೆ ಕಸಿ ಕಟ್ಟುವುದು. ನಮ್ಮ ಗುಡ್ಡೆ ಬದಿಯಲ್ಲಿ ತಾನಾಗಿ ಬೆಳೆಯುವ ಕುದನೆಯ ಬೇರು ಆ ರೋಗವನ್ನು ತಡೆಯುತ್ತದೆ. ಕುದನೆ ನಿಧಾನಕ್ಕೆ ಮೊಳೆಯುವುದರಿಂದ ಅದರ ಬೀಜವನ್ನು ಬದನೆಗಿಂತ ಮೂರು ನಾಲ್ಕು ವಾರ ಮೊದಲು ಹಾಕಬೇಕು. ಕಾಂಡ ಸೀಳಿ ಕಸಿ ಕಟ್ಟಿ, ಒಂದು ವಾರ ನೆರಳಿನಲ್ಲಿ ಪ್ಲಾಸ್ಟಿಕ್ ಚೀಲ ಮುಚ್ಚಿಡಬೇಕು. ಕಸಿ ಕಲಿಯಬೇಕು ಅನ್ನುವವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

"ಅಲಸಂಡೆ ಬಳ್ಳಿಯ ಕುಡಿ ತುಂಬಾ ಕಪ್ಪು ಹೇನು. ಇರುವೆಯೂ ಇದೆ. ಇರುವೆಗೆ ಪೌಡರ್ ಹಾಕಿದರೆ ಸಾಕಾ?" (ಉಳ್ಳಾಲದಿಂದ)

ಪೌಡರ್ ಬೇಡ, ತಿನ್ನುವ ತರಕಾರಿ. ಹೇನು ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಬರುವುದು ಅದಕ್ಕೆ. ಬಂದ ಇರುವೆ ಹೇನನ್ನು ಕಾಯುತ್ತದೆ, ಬೇರೆ ಹುಳ ತಿನ್ನಲು ಬಂದರೆ ಓಡಿಸುತ್ತದೆ. ಮೊದಲು ಬೆರಳಿನಿಂದಲೇ ಕುಡಿ ಸವರಿ ಹೇನು ಹಿಸುಕಿ ತೆಗೆಯಿರಿ. ಉಳಿದದ್ದಕ್ಕೆ ಪೈಪಿನ ನೀರು ಜೋರಾಗಿ ಬಿಡಿ. ಮರುದಿನ ಬೆಳಿಗ್ಗೆ ಇಬ್ಬನಿ ಇರುವಾಗ ಜರಡಿ ಹಿಡಿದ ಒಲೆ ಬೂದಿ ತೆಳ್ಳಗೆ ಉದುರಿಸಿ. ಮತ್ತೂ ಬಂದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಕದಡಿ ಸಂಜೆ ಹೊತ್ತು ಬಿಡಿ. ಬಿಸಿಲಿನಲ್ಲಿ ಬಿಟ್ಟರೆ ಎಲೆ ಸುಡುತ್ತದೆ.

ಹೇನಿನ ನಡುವೆ ಪುಟ್ಟ ಮೊಸಳೆಯ ಹಾಗೆ ಕಾಣುವ, ಕಪ್ಪು ಮೈಗೆ ಕಿತ್ತಳೆ ಚುಕ್ಕೆ ಇರುವ ಹುಳ ಕಂಡರೆ ದಯವಿಟ್ಟು ಕೊಲ್ಲಬೇಡಿ. ಅದು ಗುಲಗಂಜಿ ಹುಳದ ಮರಿ. ಹೇನನ್ನು ತಿಂದು ಮುಗಿಸುವುದೇ ಅದು. ಅದು ಕಂಡ ದಿನ ನಾನು ಬೇವಿನೆಣ್ಣೆ ಬಾಟಲಿಯನ್ನು ಒಳಗೆ ಇಡುತ್ತೇನೆ.

ಇನ್ನೊಂದು ಮಾತು. ಅಲಸಂಡೆಗೆ ಹಿಂಡಿ, ಗೊಬ್ಬರ ಜಾಸ್ತಿ ಹಾಕುತ್ತೀರಾ? ಅದರ ಬೇರಿನ ಗಂಟುಗಳಲ್ಲಿ ಸಾರಜನಕ ತಾನೇ ಸಿದ್ಧವಾಗುತ್ತದೆ. ಮೇಲಿನಿಂದ ಜಾಸ್ತಿ ಕೊಟ್ಟರೆ ಎಲೆ ಕೊಬ್ಬುತ್ತದೆ, ಎಳೆ ಕುಡಿಗೆ ಹೇನು ಮುತ್ತುತ್ತದೆ, ಹೂ ಬರುವುದಿಲ್ಲ.

"ಮೀನು ತೊಳೆದ ನೀರು ಗಿಡಕ್ಕೆ ಹಾಕಬಹುದಾ?" (ಮಲ್ಪೆಯಿಂದ)

ಧಾರಾಳ. ಉಪ್ಪು ಹಾಕಿ ತೊಳೆದದ್ದು ಮಾತ್ರ ಬೇಡ. ಅಷ್ಟೇ ನೀರು ಬೆರೆಸಿ ಬುಡಕ್ಕೆ ಹಾಕಿ, ಮೇಲೆ ಒಂದು ಹಿಡಿ ಮಣ್ಣು ಮುಚ್ಚಿ, ಬೆಕ್ಕು ಕೆದಕದ ಹಾಗೆ. ಬೂತಾಯಿ ಮೀನಿನ ತಲೆ, ಕರುಳು ಸಿಕ್ಕಿದರೆ ಅದೇ ತೂಕದ ಬೆಲ್ಲ ಸೇರಿಸಿ ಮುಚ್ಚಿದ ಡಬ್ಬಿಯಲ್ಲಿ 30 ರಿಂದ 40 ದಿನ ಇಡಿ. ಸೋಸಿ, ಒಂದು ಲೀಟರ್ ನೀರಿಗೆ 5 ಮಿ.ಲೀ.ಗಿಂತ ಕಡಿಮೆ ಬೆರೆಸಿ ಹಾಕಿದರೆ ಸೊಪ್ಪಿನ ಗಿಡಗಳ ಬಣ್ಣವೇ ಬದಲಾಗುತ್ತದೆ. ನಾವು ಮೀನು ತಿನ್ನುವವರಲ್ಲ, ಪಕ್ಕದ ಮನೆಯವರು ತಂದು ಕೊಡುತ್ತಾರೆ. ಅವರಿಗೆ ಹರಿವೆ, ಬೆಂಡೆ ಹೋಗುತ್ತದೆ.

"ನಮ್ಮ ಫ್ಲಾಟಿನ ಬಾಲ್ಕನಿಗೆ ಮೂರು ಗಂಟೆ ಬಿಸಿಲು ಮಾತ್ರ. ಚಟ್ಟಿಯಿಂದ ಸೊಳ್ಳೆ ಆಗುತ್ತದೆ ಅಂತ ಅಸೋಸಿಯೇಷನ್‌ನವರು ಬೇರೆ ಬೈಯುತ್ತಾರೆ. ಬಿಟ್ಟುಬಿಡಲಾ?" (ಬಿಜೈಯಿಂದ ಇಬ್ಬರು ಮಕ್ಕಳ ತಾಯಿ)

ಬಿಡಬೇಡಿ ಅಕ್ಕಾ. ಸೊಳ್ಳೆಯ ಮಾತನ್ನು ಮಾತ್ರ ಗಟ್ಟಿಯಾಗಿ ತೆಗೆದುಕೊಳ್ಳಿ. 2019 ರಲ್ಲಿ ಮಂಗಳೂರಿನಲ್ಲಿ ಡೆಂಗಿ ಹಬ್ಬಿದ್ದನ್ನು ನಾವೆಲ್ಲ ನೋಡಿದ್ದೇವೆ. ಡೆಂಗಿ ಸೊಳ್ಳೆಗೆ ಚಟ್ಟಿಯ ಕೆಳಗಿನ ತಟ್ಟೆಯ ಒಂದು ಲೋಟ ನೀರು ಸಾಕು. ಮೊಟ್ಟೆಯಿಂದ ಸೊಳ್ಳೆ ಆಗಲು ಏಳರಿಂದ ಹತ್ತು ದಿನ. ತಟ್ಟೆ ತೆಗೆಯಲು ಆಗದಿದ್ದರೆ ಅದರ ತುಂಬಾ ಹೊಯಿಗೆ ತುಂಬಿ. ಇಳಿದ ನೀರು ಹೊಯಿಗೆಯಲ್ಲಿ ಇಂಗುತ್ತದೆ, ಮೇಲೆ ನಿಲ್ಲುವುದಿಲ್ಲ. ಅಸೋಸಿಯೇಷನ್‌ನವರನ್ನು ಒಮ್ಮೆ ಕರೆದು ತೋರಿಸಿ.

ಮೂರು ಗಂಟೆ ಬಿಸಿಲಿಗೆ ಟೊಮೆಟೊ, ಬೆಂಡೆ ಆಗುವುದಿಲ್ಲ, ಅವಕ್ಕೆ ಆರು ಗಂಟೆ ಬೇಕು. ನಿಮಗೆ ಒಂದೆಲಗ, ಪುದೀನ, ದೊಡ್ಡಪತ್ರೆ, ಚಕ್ರಮುನಿ, ಶುಂಠಿ. ಪತ್ರೊಡೆಗೆ ಕೆಸು. ಅರಸಿನದ ಎರಡು ಗಡ್ಡೆ ವಿಷು ಕಳೆದು ನೆಟ್ಟರೆ ನಾಗರಪಂಚಮಿಯ ಕಡುಬಿಗೆ ಎಲೆ ಮನೆಯಲ್ಲೇ. ಮಕ್ಕಳಿಗೆ ಆ ಎಲೆ ಕೊಯ್ಯಲು ಕೊಡಿ.

ಬಾಲ್ಕನಿ ಯಾವ ದಿಕ್ಕಿಗೆ ಅಂತ ನೀವು ಬರೆದಿಲ್ಲ. ದಕ್ಷಿಣಕ್ಕಿದ್ದರೆ ನವೆಂಬರ್‌ನಿಂದ ಫೆಬ್ರವರಿ ತನಕ ಬಿಸಿಲು ಒಳಗೆ ಬರುತ್ತದೆ. ಆಗ ಒಂದು ಮೆಣಸಿನ ಗಿಡ ಇಡಬಹುದು. ಮೇ, ಜೂನ್‌ನಲ್ಲಿ ನಮ್ಮ ಊರಿನ ನಡು ಮಧ್ಯಾಹ್ನದ ಸೂರ್ಯ ಸ್ವಲ್ಪ ಉತ್ತರಕ್ಕೆ ಇರುವುದರಿಂದ ಅದೇ ಬಾಲ್ಕನಿ ನೆರಳಾಗುತ್ತದೆ. ಆಗ ಮೆಣಸಿನ ಚಟ್ಟಿ ಬೇರೆ ಕಿಟಕಿಗೆ.

"ಅಮ್ಮನಿಗೆ 74. ಕಾರ್ಕಳದ ಹತ್ತಿರದ ಮನೆ ಮಾರಿ ಕೊಟ್ಟಾರದ ನಮ್ಮ ಫ್ಲಾಟಿಗೆ ಕರೆದುಕೊಂಡು ಬಂದಿದ್ದೇನೆ. ಹಿತ್ತಿಲಿನಲ್ಲಿ ದೊಡ್ಡ ಬಸಳೆ ಚಪ್ಪರ ಇತ್ತು. ಇಲ್ಲಿ ಸುಮ್ನೆ ಕೂತಿರುತ್ತಾರೆ. ಪೂರ್ವದ ಬಾಲ್ಕನಿ ಇದೆ, ನಾಲ್ಕು ಗಂಟೆ ಬಿಸಿಲು. ಏನು ಹಾಕಲಿ?"

ಬಸಳೆಯನ್ನೇ ಹಾಕಿ ತಮ್ಮಾ. ಬೇರೆ ಏನೂ ಯೋಚಿಸಬೇಡಿ. ನಾಲ್ಕು ಗಂಟೆ ಬಿಸಿಲಿಗೆ ಸ್ವಲ್ಪ ನಿಧಾನ ಆಗುತ್ತದೆ, ಆದರೆ ಬರುತ್ತದೆ.

ಸಿಮೆಂಟ್ ಚೀಲವನ್ನು ಚೆನ್ನಾಗಿ ತೊಳೆದು, ಬಾಯಿ ಮಡಚಿ, ಒಂದೂಕಾಲು ಅಡಿ ಎತ್ತರಕ್ಕೆ ಮಣ್ಣು ತುಂಬಿ. ಬಸಳೆಗೆ ಹಟ್ಟಿಗೊಬ್ಬರ ಜಾಸ್ತಿ ಇರಲಿ, ಮಣ್ಣಿನಷ್ಟೇ ಹಾಕಿದರೂ ಸರಿ. ಮಳೆ ಕಳೆದ ಮೇಲೆ ದಿನಾ ನೀರು ಬೇಕು, ಅದು ನೀರಿನ ಗಿಡ. ಅಕ್ಕಿ ತೊಳೆದ ನೀರು ಬುಡಕ್ಕೆ ಹೋಗಲಿ. ಬಾಲ್ಕನಿಯ ಗ್ರಿಲ್ಲಿಗೆ ತೆಂಗಿನ ನಾರಿನ ಹಗ್ಗ ಕಟ್ಟಿ, ಚಪ್ಪರದ ಹಾಗೆ ಅಡ್ಡ ನಾಲ್ಕು ಸಾಲು. ಪ್ಲಾಸ್ಟಿಕ್ ದಾರದಲ್ಲಿ ಬಳ್ಳಿಗೆ ಹಿಡಿತ ಸಿಗುವುದಿಲ್ಲ.

ಕಡ್ಡಿ ಬೆರಳು ದಪ್ಪ ಇರಲಿ, ನಾಲ್ಕು ಗೆಣ್ಣು. ಎರಡು ಗೆಣ್ಣು ಮಣ್ಣಿನೊಳಗೆ, ಎರಡು ಹೊರಗೆ. ಒಂದು ಚೀಲಕ್ಕೆ ಮೂರು ಕಡ್ಡಿ ಸಾಕು. ಐದಾರು ವಾರಕ್ಕೆ ಮೊದಲ ಕೊಯ್ಲು. ಎಲೆ ಕಿತ್ತರೆ ಬಳ್ಳಿ ಬೋಳಾಗುತ್ತದೆ. ದಂಟು ಸಮೇತ ಮೊಳ ಉದ್ದ ಕೊಯ್ದರೆ ಗೆಣ್ಣಿನಿಂದ ಎರಡು ಕುಡಿ ಒಡೆಯುತ್ತದೆ. ಇದು ನಿಮ್ಮ ಅಮ್ಮನಿಗೆ ನಾನು ಹೇಳಿಕೊಡಬೇಕಾದ ವಿಷಯ ಅಲ್ಲ, ನಿಮಗೆ ಹೇಳಿದೆ. ಎಲೆಯಲ್ಲಿ ಕೆಂಪು ಅಂಚಿನ ಚುಕ್ಕೆ ಕಂಡರೆ ಆ ಎಲೆ ತೆಗೆದುಬಿಡಿ, ನೀರನ್ನು ಎಲೆಗೆ ಹೊಯ್ಯದೆ ಬುಡಕ್ಕೆ ಹಾಕಿ. ಚಳಿಗಾಲದಲ್ಲಿ ಹಗಲು ಸಣ್ಣದಾದಾಗ ಹೂ, ಕಾಯಿ ಬರುತ್ತದೆ, ಎಲೆ ಚಿಕ್ಕದಾಗುತ್ತದೆ. ಹೂವಿನ ಕುಡಿ ಚಿವುಟುತ್ತಾ ಇದ್ದರೆ ಬೇಸಿಗೆಗೆ ಮತ್ತೆ ದಪ್ಪ ದಂಟು.

ಕಡ್ಡಿಯನ್ನು ಮಂಗಳೂರಿನ ಮಾರುಕಟ್ಟೆಯಿಂದ ತರಬೇಡಿ. ಮನೆ ಮಾರಿದರೂ ಆ ಬಸಳೆಯ ಕಡ್ಡಿ ಊರಿನ ಅಕ್ಕಪಕ್ಕದವರಲ್ಲಿ ಯಾರಲ್ಲಾದರೂ ಇದ್ದೇ ಇರುತ್ತದೆ. ನಿಮ್ಮ ಅಮ್ಮ ಎಷ್ಟು ಮನೆಗೆ ಕೊಟ್ಟಿದ್ದಾರೋ! ಒಂದು ಭಾನುವಾರ ಅವರನ್ನೂ ಕರೆದುಕೊಂಡು ಹೋಗಿ, ಕಡ್ಡಿ ಅವರೇ ಆರಿಸಲಿ. ಎಲೆಗಳನ್ನು ಅಲ್ಲೇ ತೆಗೆದು, ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತನ್ನಿ. ಬಸ್ಸಿನಲ್ಲಿ ಬರುವುದಾದರೆ ಬಿಸಿಲು ಬೀಳುವ ಬದಿಯ ಸೀಟು ಬೇಡ. ಆ ದಿನವೇ ನೆಡಲು ಆಗದಿದ್ದರೂ ತೊಂದರೆ ಇಲ್ಲ, ನೆರಳಿನಲ್ಲಿ ಎರಡು ದಿನ ಇದ್ದರೆ ಬಸಳೆ ಸಾಯುವುದಿಲ್ಲ.